ಇಂಪ್ರಿಂಟ್: ಅಚ್ಚು ಹಾಕಿದವರು, ಹಾಕಿಸಿದವರು

1797ರಲ್ಲಿ ಬಾಸ್ಟನ್ನಿನಲ್ಲಿ ಬಂದ ‘ದಿ ಕೊಕೆಟ್’ ಕಾದಂಬರಿಯ ಶೀರ್ಷಿಕೆ ಪುಟ ನೋಡಿ. ಮೇಲೆ ಪುಸ್ತಕದ ಹೆಸರು. ಬರೆದವರ ಹೆಸರು ಇರಬೇಕಾದ ಜಾಗದಲ್ಲಿ ‘ಮ್ಯಾಸಚೂಸೆಟ್ಸಿನ ಒಬ್ಬ ಮಹಿಳೆ’ ಅಂತಷ್ಟೇ ಇದೆ. ಪುಟದ ಬುಡಕ್ಕೆ ಬಂದರೆ ಮಾತ್ರ ಹೆಸರು, ವಿಳಾಸ ಎಲ್ಲ ಖಚಿತ. ಅಚ್ಚು ಹಾಕಿದವರು ಸ್ಯಾಮ್ಯುಯೆಲ್ ಎಥರಿಜ್, ಹಾಕಿಸಿದವರು ಇ. ಲಾರ್ಕಿನ್, ನಂಬರ್ 47, ಕಾರ್ನ್‌ಹಿಲ್. ಆ ಕಾದಂಬರಿ ಬರೆದ ಹ್ಯಾನಾ ಫಾಸ್ಟರ್ ಅವರ ಹೆಸರು ಶೀರ್ಷಿಕೆ ಪುಟಕ್ಕೆ ಬಂದದ್ದು 1866ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು 26 ವರ್ಷವಾಗಿತ್ತು.

ಪುಟದ ಬುಡದ ಆ ಸಾಲಿಗೇ ಇಂಪ್ರಿಂಟ್ ಅನ್ನುವುದು. ಊರು, ಅಚ್ಚುಕೂಟ, ಅಂಗಡಿ, ಇಸವಿ ಎಲ್ಲ ಅದರಲ್ಲಿ ಇರುತ್ತವೆ. ಈಗ ಈ ಪದಕ್ಕೆ ಇನ್ನೊಂದು ಅರ್ಥವೂ ಇದೆ. ದೊಡ್ಡ ಪ್ರಕಾಶನ ಸಂಸ್ಥೆಯೊಂದು ಕೆಲವು ಪುಸ್ತಕಗಳನ್ನು ಬೇರೆ ಹೆಸರಿನಡಿ ತಂದರೆ ಆ ಹೆಸರಿಗೂ ಇಂಪ್ರಿಂಟ್ ಅನ್ನುತ್ತಾರೆ. ಇಲ್ಲಿ ಹೇಳಹೊರಟಿರುವುದು ಹಳೆಯ ಅರ್ಥದ ಬಗ್ಗೆ.

ಹಳೆಯ ಇಂಪ್ರಿಂಟಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಜನ ಸಿಗುತ್ತಾರೆ. ಅಚ್ಚಿನ ಮೊಳೆ ಜೋಡಿಸಿ ಕಾಗದದ ಮೇಲೆ ಅಚ್ಚೊತ್ತಿದವರು ಒಬ್ಬರು. ಕಾಗದಕ್ಕೂ ಕೂಲಿಗೂ ದುಡ್ಡು ಹಾಕಿದವರು ಇನ್ನೊಬ್ಬರು. ಅಂಗಡಿಯಲ್ಲಿಟ್ಟು ಮಾರಿದವರು ಮತ್ತೊಬ್ಬರು. ಇಂಗ್ಲಿಷಿನಲ್ಲಿ ಮೊದಲ ಇಬ್ಬರ ನಡುವಿನ ವ್ಯತ್ಯಾಸ ಒಂದು ಪುಟ್ಟ ಪದದಲ್ಲಿದೆ: ಹಾಕಿದವರ ಹೆಸರಿನ ಮುಂದೆ ‘ಬೈ’, ಹಾಕಿಸಿದವರ ಹೆಸರಿನ ಮುಂದೆ ‘ಫಾರ್’. ಅದು ಸುಲಭವಾಗಿ ಕಣ್ಣು ತಪ್ಪಿಸುತ್ತದೆ. ಕನ್ನಡದಲ್ಲಿ ಆ ತೊಂದರೆ ಇಲ್ಲ. ‘ಹಾಕಿದವರು’ ಅಂದರೆ ಕೈ ಅವರದು. ‘ಹಾಕಿಸಿದವರು’ ಅಂದರೆ ದುಡ್ಡು ಅವರದು. ನಡುವೆ ಇರುವುದು ಒಂದೇ ಅಕ್ಷರ, ಅಲ್ವಾ? ಲಾಭ ಯಾರಿಗೆ, ನಷ್ಟ ಯಾರಿಗೆ ಅನ್ನುವುದನ್ನು ಅದೇ ಹೇಳಿಬಿಡುತ್ತದೆ.

ಆ ಕಾಲದ ಅಮೆರಿಕದಲ್ಲಿ ‘ಪ್ರಕಾಶಕ’ ಅನ್ನುವುದು ಇನ್ನೂ ಬೇರೆ ಕಸುಬಾಗಿ ನಿಂತಿರಲಿಲ್ಲ. ಪುಸ್ತಕದಂಗಡಿಯವರೇ ಹೆಚ್ಚಾಗಿ ಆ ಕೆಲಸ ಮಾಡುತ್ತಿದ್ದರು. ಫಿಲಡೆಲ್ಫಿಯಾದ ಮ್ಯಾಥ್ಯೂ ಕೇರಿ ಅಂಥವರಲ್ಲಿ ದೊಡ್ಡ ಹೆಸರು. ಸುಸಾನಾ ರೌಸನ್ ಅವರ ಕಾದಂಬರಿ ‘ಷಾರ್ಲಟ್’ ಮೊದಲು ಬಂದದ್ದು 1791ರಲ್ಲಿ, ಲಂಡನ್ನಿನಲ್ಲಿ. 1794ರಲ್ಲಿ ಕೇರಿ ಅದನ್ನು ಅಮೆರಿಕದಲ್ಲಿ ತಂದರು. ಅಚ್ಚು ಹಾಕಿದವರು ಡಿ. ಹಂಫ್ರೀಸ್, ಹಾಕಿಸಿದವರು ಎಂ. ಕೇರಿ, 118, ಮಾರ್ಕೆಟ್ ಸ್ಟ್ರೀಟ್. 50,000ಕ್ಕೂ ಜಾಸ್ತಿ ಪ್ರತಿ ಮಾರಾಟವಾಗಿವೆ ಎಂದು 1812ರಲ್ಲಿ ಕೇರಿಯೇ ಲೇಖಕಿಗೆ ಬರೆದರು. ಆದರೆ ಲಂಡನ್ನಿನಲ್ಲಿ ಮೊದಲು ಬಂದ ಪುಸ್ತಕಕ್ಕೆ ಅಮೆರಿಕದ 1790ರ ಕಾಪಿರೈಟ್ ಕಾನೂನಿನ ರಕ್ಷಣೆ ಇರಲಿಲ್ಲ. ಹಾಗಾಗಿ ಊರೂರಿನ ಅಚ್ಚುಕೂಟದವರು ಅದನ್ನು ಮತ್ತೆ ಮತ್ತೆ ಅಚ್ಚು ಹಾಕಿದರು.

ನನಗೆ ಜಾಸ್ತಿ ಕಾಡುವ ಇಂಪ್ರಿಂಟ್ 1773ರದು. ಫಿಲಿಸ್ ವೀಟ್ಲಿಯನ್ನು ಆಫ್ರಿಕಾದಿಂದ ಗುಲಾಮರ ಹಡಗಿನಲ್ಲಿ ಬಾಸ್ಟನ್ನಿಗೆ ತಂದಾಗ ಅವಳಿನ್ನೂ ಏಳೆಂಟು ವರ್ಷದ ಹುಡುಗಿ. ಅವಳ ಕವನಗಳನ್ನು ಪುಸ್ತಕವಾಗಿ ತರಲು 1772ರಲ್ಲಿ ಬಾಸ್ಟನ್ನಿನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. 300 ಪ್ರತಿಗೆ ಚಂದಾ ಬಂದರೆ ಅಚ್ಚು ಹಾಕುತ್ತೇವೆ ಅಂತ. ಅಷ್ಟು ಬರಲಿಲ್ಲ. ಮರುವರ್ಷ ಪುಸ್ತಕ ಬಂದದ್ದು ಲಂಡನ್ನಿನಿಂದ. ಇಂಪ್ರಿಂಟಿನಲ್ಲಿ ಹಾಕಿಸಿದವರು ಆಲ್ಡ್‌ಗೇಟ್‌ನ ಪುಸ್ತಕದಂಗಡಿಯ ಎ. ಬೆಲ್. ಮಾರುವವರು ಬಾಸ್ಟನ್ನಿನ ಕಿಂಗ್ ಸ್ಟ್ರೀಟಿನ ಕಾಕ್ಸ್ ಮತ್ತು ಬೆರಿ. ಅವಳೇ ಬೆಳೆದ ಊರು ಅವಳ ಪುಸ್ತಕ ಹಾಕಿಸಲಿಲ್ಲ, ಹಡಗಿನಲ್ಲಿ ಬಂದಮೇಲೆ ಮಾರಿತು. ಅದೇ ಪುಟದ ಮೇಲ್ಭಾಗದಲ್ಲಿ ಹೆಸರಿನ ಕೆಳಗೇ, ಅವಳು ಬಾಸ್ಟನ್ನಿನ ಜಾನ್ ವೀಟ್ಲಿ ಅವರ ಆಳು ಎಂದು ಅಚ್ಚಾಗಿದೆ. ಈ ಕವನಗಳನ್ನು ಇವಳೇ ಬರೆದದ್ದು ಎಂದು ಬಾಸ್ಟನ್ನಿನ 18 ಗಂಡಸರು ಹೆಸರು ಹಾಕಿಕೊಟ್ಟ ಹೇಳಿಕೆಯೂ ಪುಸ್ತಕದಲ್ಲಿದೆ.

ಆದರೆ ಫಿಲಿಸ್ ಸುಮ್ನೆ ಕೂರಲಿಲ್ಲ. 1773ರ ಅಕ್ಟೋಬರ್ 18ರಂದು ಅವಳು ನ್ಯೂ ಹೇವನ್ನಿನ ಡೇವಿಡ್ ವೂಸ್ಟರ್‌ಗೆ ಪತ್ರ ಬರೆದಳು. ಆಗಷ್ಟೇ ಅವಳಿಗೆ ಬಿಡುಗಡೆ ಸಿಕ್ಕಿತ್ತು. ಮಾರಾಟದಲ್ಲಿ ತನಗೆ ಅರ್ಧ ಪಾಲು ಇದೆ, ನಿಮ್ಮ ಊರಿನ ಅಚ್ಚುಕೂಟದವರು ಪುಸ್ತಕವನ್ನು ಮತ್ತೆ ಅಚ್ಚು ಹಾಕದಂತೆ ಹೇಳಿ, ಹಾಕಿದರೆ ನನಗೆ ದೊಡ್ಡ ನಷ್ಟ ಎಂದು ಕೇಳಿಕೊಂಡಳು. ರೇಟನ್ನೂ ಬರೆದಳು: ಬೈಂಡ್ ಆದದ್ದಕ್ಕೆ ಎರಡೂವರೆ ಶಿಲಿಂಗ್, ಬರೀ ಹೊಲಿದದ್ದಕ್ಕೆ ಎರಡು. ಅವಳು ಕೈಯಾರೆ ಸಹಿ ಹಾಕಿದ ಪ್ರತಿಗಳು ಈಗಲೂ ಉಳಿದಿವೆ. ಪುಸ್ತಕದ ವ್ಯಾಪಾರ ಹೇಗೆ ನಡೆಯುತ್ತದೆ ಅನ್ನುವುದು ಆ ಇಪ್ಪತ್ತರ ಹುಡುಗಿಗೆ ಚೆನ್ನಾಗಿ ಗೊತ್ತಿತ್ತು. ಅಮೆರಿಕದ ಅಚ್ಚುಕೂಟದಿಂದ ಆ ಪುಸ್ತಕ ಬಂದದ್ದು 1786ರಲ್ಲಿ, ಫಿಲಡೆಲ್ಫಿಯಾದ ಜೋಸೆಫ್ ಕ್ರುಕ್‌ಶ್ಯಾಂಕ್ ಅವರಿಂದ. ಅವಳು 1784ರಲ್ಲೇ ತೀರಿಕೊಂಡಿದ್ದಳು.

ಹಾಕಿಸಿದವರ ಜಾಗದಲ್ಲಿ ಕೆಲವೊಮ್ಮೆ ಅಂಗಡಿಯವರ ಹೆಸರಿನ ಬದಲು ‘ಲೇಖಕರಿಗಾಗಿ’ ಎಂದಿರುತ್ತದೆ. ಬರೆದವರೇ ದುಡ್ಡು ಹಾಕಿದರು ಅಂತ ಅದರ ಅರ್ಥ. ಹ್ಯಾನಾ ಆಡಮ್ಸ್ ಅಲ್ಲಿಗೆ ಬಂದದ್ದು ಪೆಟ್ಟು ತಿಂದು. ಜಗತ್ತಿನ ಧರ್ಮಗಳು, ಪಂಥಗಳ ಬಗ್ಗೆ ಅವರು ಬರೆದ ಪುಸ್ತಕ 1784ರಲ್ಲಿ ಅಚ್ಚಾಯಿತು. ಚಂದಾದಾರರನ್ನು ಹುಡುಕಿದ್ದೂ ಅವರೇ. ಲಾಭ ಅಚ್ಚುಕೂಟದವರ ಪಾಲಾಯಿತು. ಅವರಿಗೆ ಸಿಕ್ಕಿದ್ದು 50 ಪ್ರತಿ, ಅವನ್ನೂ ತಾವೇ ಮಾರಿಕೊಳ್ಳಬೇಕಿತ್ತು. ಆಮೇಲೆ ಅವರು ನ್ಯೂ ಇಂಗ್ಲೆಂಡಿನ ಚರಿತ್ರೆ ಬರೆಯಲು ಕೂತರು. ಹಳೆಯ ಕೈಬರಹಗಳನ್ನು ಓದಿ ಓದಿ ಕಣ್ಣು ಕೆಡಿಸಿಕೊಂಡರು. ಆದರೂ ಮುಗಿಸಿದರು.

ಆ ಪುಸ್ತಕ 1799ರಲ್ಲಿ ಬಾಸ್ಟನ್ ಹತ್ತಿರದ ಡೆಡಮ್‌ನಲ್ಲಿ ಅಚ್ಚಾಯಿತು. ಶೀರ್ಷಿಕೆಯ ಕೆಳಗೆ ಹ್ಯಾನಾ ಆಡಮ್ಸ್ ಎಂದು ಪೂರ್ತಿ ಹೆಸರಿದೆ. ಬುಡದಲ್ಲಿ ಅಚ್ಚು ಹಾಕಿದವರು ಎಚ್. ಮ್ಯಾನ್ ಮತ್ತು ಜೆ. ಎಚ್. ಆಡಮ್ಸ್. ಹಾಕಿಸಿದವರು ಯಾರು ಎಂದು ಹುಡುಕಿದರೆ ಅಲ್ಲಿರುವುದು ‘ಲೇಖಕರಿಗಾಗಿ’.