ಕಾರ್ಬನ್ ಪ್ರತಿಯಲ್ಲಿ ಇಪ್ಪತ್ತೊಂದು ಉತ್ತರ

ಉತ್ತರದ ವೃತ್ತಗಳನ್ನು ತುಂಬಿಸಿ ಯಂತ್ರದಿಂದ ಓದಿಸುವ ಒಎಂಆರ್ ಪರೀಕ್ಷೆ ಮುಗಿದ ಮೇಲೆ ಅಭ್ಯರ್ಥಿಯ ಕೈಯಲ್ಲಿ ಉಳಿಯುವುದು ಒಂದು ತೆಳು ಕಾರ್ಬನ್ ಪ್ರತಿ. ಮೂಲ ಹಾಳೆ ಸೀಲಾಗಿ ಬೆಂಗಳೂರಿಗೆ ಹೋಗುತ್ತದೆ. 2021ರ ಅಕ್ಟೋಬರ್ 3ರಂದು ಕಲಬುರಗಿಯ ಖಾಸಗಿ ಶಾಲೆಯೊಂದರಲ್ಲಿ ಪೊಲೀಸ್ ಸಬ್‌ ಇನ್‌ಸ್ಪೆಕ್ಟರ್ (ಪಿಎಸ್‌ಐ) ನೇಮಕಾತಿ ಪರೀಕ್ಷೆ ಬರೆದ ಒಬ್ಬನ ಕಾರ್ಬನ್ ಪ್ರತಿಯಲ್ಲಿ ನೂರು ಪ್ರಶ್ನೆಗಳ ಪೈಕಿ 21ಕ್ಕೆ ಮಾತ್ರ ಗುರುತು ಬಿದ್ದಿತ್ತು. ಪ್ರಶ್ನೆಗೆ ಒಂದೂವರೆ ಅಂಕ. ಎಲ್ಲವೂ ಸರಿಯಿದ್ದರೂ 31.5, ಪ್ರಬಂಧ, ಭಾಷಾಂತರಗಳ ಪತ್ರಿಕೆಗೆ ಐವತ್ತಕ್ಕೆ ಐವತ್ತು ಸುರಿದರೂ 81.5. ಆಯ್ಕೆ ಪಟ್ಟಿಯಲ್ಲಿ ಅವನ ಅಂಕ ನೂರು ದಾಟಿತ್ತು. ಹಗರಣ ಬಯಲಾಗಲು ಇಷ್ಟು ಲೆಕ್ಕ ಸಾಕಾಯಿತು.

ಸಬ್‌ ಇನ್‌ಸ್ಪೆಕ್ಟರ್‌ನ ಆ ಕುರ್ಚಿಗೆ ಇಷ್ಟು ಬೆಲೆ ಬಂದದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ರಿಟಿಷ್ ಭಾರತದ ಪೊಲೀಸ್ ವ್ಯವಸ್ಥೆಗೆ 1861ರ ಕಾಯ್ದೆ ಚೌಕಟ್ಟು ಕೊಟ್ಟಿತು. ಅದರ ನಡವಳಿಕೆ ಪರಿಶೀಲಿಸಲು ಲಾರ್ಡ್ ಕರ್ಜನ್ ಕಾಲದಲ್ಲಿ, 1902ರಲ್ಲಿ, ಆಂಡ್ರ್ಯೂ ಫ್ರೇಸರ್ ಅಧ್ಯಕ್ಷತೆಯ ಆಯೋಗ ರಚನೆಯಾಯಿತು. ಪೊಲೀಸರು ಭ್ರಷ್ಟರು, ಜನಪೀಡಕರು ಎಂದು ಮುಚ್ಚುಮರೆಯಿಲ್ಲದೆ ಬರೆದ ಆ ಆಯೋಗ ಸೂಚಿಸಿದ ಮದ್ದುಗಳಲ್ಲಿ ಒಂದು, ವಿದ್ಯಾವಂತ ಯುವಕರನ್ನು ನೇರವಾಗಿ ಸಬ್‌ ಇನ್‌ಸ್ಪೆಕ್ಟರ್‌ಗಳನ್ನಾಗಿ ತೆಗೆದುಕೊಂಡು ಅವರ ಕೈಗೆ ಠಾಣೆ ಕೊಡುವುದು. ಠಾಣೆಯ ಲಂಚಕೋರತನ ತಗ್ಗಲೆಂದು ತೆರೆದ ಬಾಗಿಲು ಅದು. ನೂರಿಪ್ಪತ್ತು ವರ್ಷಗಳ ನಂತರ ಅದೇ ಬಾಗಿಲಲ್ಲಿ ಲಕ್ಷಗಳ ವ್ಯಾಪಾರ ನಡೆದ ಆರೋಪ ಕೇಳಬೇಕಾಯಿತು.

ನಮ್ಮಲ್ಲಿ ಎಚ್ಚರಿಕೆಯ ಗಂಟೆ ಮೊದಲೇ ಬಾರಿಸಿತ್ತು. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡೆರಡು ಸಲ ಸೋರಿತು. 2018ರ ನವೆಂಬರ್‌ನಲ್ಲಿ ಕಾನ್‌ಸ್ಟೆಬಲ್ ಪರೀಕ್ಷೆಯನ್ನೇ ಸೋರಿಕೆಯಿಂದಾಗಿ ಮುಂದೂಡಬೇಕಾಯಿತು. ಆಗೆಲ್ಲ ಚಿಂತೆ ಒಂದೇ: ಪ್ರಶ್ನೆಪತ್ರಿಕೆ ಹೊರಗೆ ಹೋಗದಂತೆ ಕಾಯುವುದು ಹೇಗೆ. ಬರೆದ ಉತ್ತರಪತ್ರಿಕೆಯನ್ನು ಒಳಗಿನವರಿಂದಲೇ ಕಾಯಬೇಕಾದೀತು ಎಂದು ಯಾರಿಗೂ ಹೊಳೆದಂತಿಲ್ಲ.

ಸಿಐಡಿ ಆಯ್ಕೆಯಾದವರಿಗೆಲ್ಲ ನೋಟಿಸ್ ಕೊಟ್ಟು, ಕಾರ್ಬನ್ ಪ್ರತಿಯೊಂದಿಗೆ ಹಾಜರಾಗಲು ಹೇಳಿತು. ಕೆಲವರು ಬ್ಲೂಟೂತ್‌ನಲ್ಲಿ ಉತ್ತರ ಕೇಳಿಸಿಕೊಂಡಿದ್ದರು, ಕೆಲವರ ಖಾಲಿ ವೃತ್ತಗಳನ್ನು ಪರೀಕ್ಷೆಯ ನಂತರ ಕೊಠಡಿ ಮೇಲ್ವಿಚಾರಕರೇ ತುಂಬಿದ್ದರು ಎಂಬುದು ಆರೋಪ. ಇನ್ನೊಂದು ಬಗೆ ಇವೆಲ್ಲವನ್ನೂ ಮೀರಿದ್ದು. ನೇಮಕಾತಿ ವಿಭಾಗದ ಸ್ಟ್ರಾಂಗ್ ರೂಮಿನಲ್ಲಿಯೇ ಹಾಳೆಗಳನ್ನು ತಿದ್ದಲಾಯಿತು ಎಂದಿತು ತನಿಖೆ. ಆ ವಿಭಾಗ ಇದ್ದದ್ದು ಬೆಂಗಳೂರಿನ ಅರಮನೆ ರಸ್ತೆಯ ಕಾರ್ಲ್‌ಟನ್ ಭವನದ ಆವರಣದಲ್ಲಿ, ಸಿಐಡಿ ಕೇಂದ್ರ ಕಚೇರಿಯೂ ಅಲ್ಲಿಯೇ. ತನಿಖಾಧಿಕಾರಿಗಳು ಆರೋಪಿಗಳನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಿರಲಿಲ್ಲ. 2022ರ ಜುಲೈನಲ್ಲಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರೇ (ಎಡಿಜಿಪಿ) ಬಂಧನಕ್ಕೊಳಗಾದರು.

ಅಷ್ಟರಲ್ಲಿ ಸರ್ಕಾರ ಏಪ್ರಿಲ್‌ನಲ್ಲಿಯೇ ಪರೀಕ್ಷೆಯನ್ನು ರದ್ದುಪಡಿಸಿತ್ತು. ಪ್ರಾಮಾಣಿಕವಾಗಿ ಬರೆದು ಗೆದ್ದವರು ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕುಳಿತರು. ಅವರ ಪ್ರಶ್ನೆಗೆ ಇಂದಿಗೂ ನೇರ ಉತ್ತರ ಕೊಡುವುದು ಕಷ್ಟ: ಕಳ್ಳರು ಯಾರೆಂದು ತಿಳಿದ ಮೇಲೆ ಉಳಿದವರಿಗೇಕೆ ಶಿಕ್ಷೆ? ತಿಳಿದವರಷ್ಟೇ ಕಳ್ಳರು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ ಎಂಬುದು ನನ್ನ ಊಹೆ. 2023ರ ನವೆಂಬರ್ 10ರಂದು ಹೈಕೋರ್ಟ್ ಮರುಪರೀಕ್ಷೆಯನ್ನು ಎತ್ತಿಹಿಡಿದು, ಅದನ್ನು ಸ್ವತಂತ್ರ ಸಂಸ್ಥೆಯಿಂದ ನಡೆಸಲು ಹೇಳಿತು. ಹೊಣೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಹೆಗಲೇರಿತು. ತೀರ್ಪಿಗೆ ಎರಡೇ ವಾರ ಮೊದಲು, ಪ್ರಾಧಿಕಾರದ್ದೇ ಇನ್ನೊಂದು ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿಯ ಕಡೆ ಬ್ಲೂಟೂತ್ ಸಿಕ್ಕಿಬಿದ್ದಿತ್ತು. ಹಾಗಾಗಿ 2024ರ ಜನವರಿ 23ರ ಮರುಪರೀಕ್ಷೆ ಬೆಂಗಳೂರಿನಲ್ಲಷ್ಟೇ ನಡೆಯಿತು. ಬೀದರ್‌ನವರೂ ರಾತ್ರಿ ಪ್ರಯಾಣ ಮಾಡಿ ಬಂದು ಬರೆಯಬೇಕಾಯಿತು. ಅಕ್ರಮಕ್ಕೆ 10 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಮಸೂದೆಗೂ 2023ರ ಡಿಸೆಂಬರ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಸಿಕ್ಕಿತು.

ಇವೆಲ್ಲ ಬೇಕಾದವೇ. ಆದರೆ ಸುಧಾರಣೆಯೆಲ್ಲ ಉತ್ತರಪತ್ರಿಕೆಯ ಕಾವಲಿಗೇ ಖರ್ಚಾಗಿ, ಯಾರನ್ನು ಆರಿಸುತ್ತಿದ್ದೇವೆ ಎಂಬ ಪ್ರಶ್ನೆ ಅಲ್ಲಿಯೇ ಕುಳಿತಿದೆ. ಧಾರವಾಡದ ಸಪ್ತಾಪುರದಲ್ಲಿ ನಸುಕಿಗೇ ಎದ್ದು 1600 ಮೀಟರ್ ಓಟದ ಅಭ್ಯಾಸ ಮುಗಿಸಿ, ಉಪ್ಪಿಟ್ಟು ತಿಂದು, ಬಾಡಿಗೆ ವಾಚನಾಲಯದ ಕುರ್ಚಿಯಲ್ಲಿ ರಾತ್ರಿವರೆಗೆ ಕೂರುವ ಹುಡುಗನನ್ನು ಈ ಪರೀಕ್ಷೆ ಅಳೆಯುವುದು ಮೂರರಲ್ಲಿ: ಎತ್ತರ, ವೇಗ, ನೆನಪು. ದೂರು ಕೊಡಲು ಬಂದು ಬಾಗಿಲಲ್ಲೇ ತಡವರಿಸುವ ಹೆಂಗಸಿನೊಂದಿಗೆ ಅವನು ಹೇಗೆ ಮಾತಾಡುತ್ತಾನೆ ಎಂಬುದಕ್ಕೆ ಅಲ್ಲಿ ಅಂಕವಿಲ್ಲ. ಸಂದರ್ಶನ ಇಟ್ಟರೆ ಅದನ್ನು ಅಳೆಯಬಹುದಲ್ಲವೇ ಎಂದರೆ, ಅಲ್ಲಿ ಕುಳಿತವರಿಗೆ ದರಪಟ್ಟಿ ಕೊಟ್ಟಂತಾಗುತ್ತದೆ ಎಂದು ಅಭ್ಯರ್ಥಿಗಳೇ ನಗುತ್ತಾರೆ. ನಂಬಿಕೆ ಇಲ್ಲದ ಕಡೆ ಯಂತ್ರ ಓದುವ ವೃತ್ತವೇ ನ್ಯಾಯವಾಗಿ ಕಾಣುತ್ತದೆ.

ಅಧಿಸೂಚನೆ ಹೊರಟದ್ದು 2021ರ ಜನವರಿಯಲ್ಲಿ, ಅಂತಿಮ ಆಯ್ಕೆ ಪಟ್ಟಿ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಈ ನಡುವೆ ಅರ್ಜಿ ಹಾಕಿದ್ದವರ ಮದುವೆಗಳಾದವು, ಕೆಲವರು ಕಾನ್‌ಸ್ಟೆಬಲ್ ಆಗಿ, ಶಿಕ್ಷಕರಾಗಿ ಬೇರೆ ದಾರಿ ಹಿಡಿದರು. 545 ಕುರ್ಚಿಗಳು ಖಾಲಿ ಇದ್ದಷ್ಟು ಕಾಲ ಅವುಗಳ ಮುಂದಿನ ಕಡತಗಳು ಪಕ್ಕದ ಮೇಜಿಗೆ ಸರಿಯುತ್ತಲೇ ಇದ್ದವು.