ಕ್ಯಾಂಡಿಡೇಟ್: ಬಿಳಿ ಬಟ್ಟೆ ಉಟ್ಟವನು

ಮೊನ್ನೆ ಸಪ್ತಾಪುರದ ನಮ್ಮ ರೂಮಿನಲ್ಲಿ ಎಲ್ಲರೂ ಹಾಲ್ ಟಿಕೆಟ್ ಪ್ರಿಂಟ್ ತೆಗೆಸಿಕೊಂಡು ಕೂತಿದ್ದೆವು. ಫೋಟೋದ ಕೆಳಗೆ ಖಾಲಿ ಜಾಗ, ಅದರಡಿ ‘ಸಿಗ್ನೇಚರ್ ಆಫ್ ದಿ ಕ್ಯಾಂಡಿಡೇಟ್’. ಧಾರವಾಡಕ್ಕೆ ಓದಲು ಬಂದ ಮೇಲೆ ಅಲ್ಲಿ ಎಷ್ಟು ಸಲ ಸಹಿ ಹಾಕಿದ್ದೇವೋ ಲೆಕ್ಕವಿಲ್ಲ. ಆ ಪದದ ಹೊಟ್ಟೆಯೊಳಗೆ ಏನಿದೆ ಅಂತ ಮಾತ್ರ ನೋಡಿರಲಿಲ್ಲ.

ಮೂಲ ಲ್ಯಾಟಿನ್. ಅಲ್ಲಿ ಇದು ‘ಕಂದಿದಾತುಸ್’, ಅಂದರೆ ಬಿಳಿ ಬಟ್ಟೆ ಉಟ್ಟವನು. ಹಳೆಯ ರೋಮ್‌ನಲ್ಲಿ ಚುನಾವಣೆಗೆ ನಿಂತವರು ಟೋಗಾ ಎಂಬ ಉದ್ದನೆಯ ಉಣ್ಣೆ ಬಟ್ಟೆ ಸುತ್ತಿಕೊಂಡು ಮತ ಕೇಳಲು ಬರುತ್ತಿದ್ದರು. ಉಣ್ಣೆಯ ಬಿಳುಪು ಸಾಲದು ಅಂತ ಅದಕ್ಕೆ ಸೀಮೆಸುಣ್ಣ ತಿಕ್ಕುತ್ತಿದ್ದರು. ಬೋರ್ಡ್ ಒರೆಸಿದಾಗ ಸರ್ ಅಂಗಿಯ ತೋಳಿಗೆ ಹತ್ತುವ ಪುಡಿ ನೋಡಿದ್ದೀರಲ್ವಾ? ಅದನ್ನೇ ಮೈತುಂಬ ಹಚ್ಚಿಕೊಂಡು ಬಿಸಿಲಲ್ಲಿ ನಿಂತರೆ ಎಂಥ ಗದ್ದಲದಲ್ಲೂ ಕಣ್ಣಿಗೆ ಬೀಳುತ್ತಾರೆ. ಮತ ಕೇಳಲು ಬಟ್ಟೆಯನ್ನು ಹೀಗೆ ಬಿಳಿ ಮಾಡಬಾರದು ಅಂತ ಕ್ರಿ.ಪೂ. 432ರಲ್ಲೇ ಕಾನೂನು ತಂದರು ಎಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ಆದರೂ ಆ ರೂಢಿ ಮುಂದೆಯೂ ನಡೆಯಿತು. ಪಕ್ಕದ ಗರಗದಲ್ಲಿ ಖಾದಿ ನೇಯುವುದನ್ನು, ಇಲೆಕ್ಷನ್ ಬಂದಾಗ ಬಿಳಿ ಅಂಗಿಗಳ ಸಾಲನ್ನು ನೋಡಿದ ನಮಗೆ ಇದು ಹೊಸದೇನಲ್ಲ.

ಇದರ ಬೇರು ‘ಕಂದೇರೆ’: ಹೊಳೆಯುವುದು, ಬೆಳಗುವುದು. ಕ್ಯಾಂಡಲ್ ಬಂದದ್ದು ಅಲ್ಲಿಂದಲೇ. ಕ್ಯಾಂಡಿಡ್ ಕೂಡ. ಅದಕ್ಕೆ ಮೊದಲು ಬಿಳಿ ಎಂಬ ಅರ್ಥವಿತ್ತು, ಆಮೇಲೆ ಶುದ್ಧ, ಕೊನೆಗೆ ಮುಚ್ಚುಮರೆ ಇಲ್ಲದ ಎಂದಾಯಿತು. ಮದುವೆಯಲ್ಲಿ ‘ಕ್ಯಾಂಡಿಡ್ ಫೋಟೋ’ ಅಂತೀವಲ್ಲ, ಪೋಸ್ ಕೊಡದೆ ಇದ್ದಂತೆ ತೆಗೆದದ್ದು, ಅದೇ ಈ ಪದ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇನ್ನೊಂದು. ಸಂಸ್ಕೃತದ ‘ಚಂದ್ರ’, ಲ್ಯಾಟಿನ್ನಿನ ‘ಕಂದೇರೆ’ ಎರಡೂ ಒಂದೇ ಹಳೆಯ ಬೇರಿನಿಂದ ಒಡೆದವು. ಚಂದ್ರನ ಅರ್ಥವೂ ಹೊಳೆಯುವವನು. ಕಂದ್, ಚಂದ್ ಅಂತ ಒಮ್ಮೆ ಬಾಯಲ್ಲಿ ಹೇಳಿ ನೋಡಿ, ಕಿವಿಗೇ ಗೊತ್ತಾಗುತ್ತದೆ. ನಾವು ಬಾಯಿಪಾಠ ಮಾಡುತ್ತಿದ್ದ ಪದಕ್ಕೆ ನಮ್ಮ ಅಂಗಳದ ಚಂದಿರ ದೂರದ ನೆಂಟ!

ಕನ್ನಡದಲ್ಲಿ ಬಳಸುವ ‘ಅಭ್ಯರ್ಥಿ’ಗೆ ಬಟ್ಟೆಯ ಸಂಬಂಧವಿಲ್ಲ. ಅರ್ಥಿ ಅಂದರೆ ಬೇಡುವವನು. ರೋಮಿನವರು ಉಟ್ಟದ್ದನ್ನು ನೋಡಿ ಹೆಸರಿಟ್ಟರು, ಸಂಸ್ಕೃತದವರು ಕೇಳಿದ್ದನ್ನು ನೋಡಿ ಹೆಸರಿಟ್ಟರು.

ಜೊತೆಗೆ ‘ಆಂಬಿಷನ್’ ಕೂಡ ಬರೆದಿಟ್ಟುಕೊಳ್ಳಿ. ಲ್ಯಾಟಿನ್ನಿನಲ್ಲಿ ಅದು ಸುತ್ತಾಡುವುದು. ಆ ಬಿಳಿ ಟೋಗಾದವರು ಮತಕ್ಕಾಗಿ ಊರು ಸುತ್ತುತ್ತಿದ್ದರಲ್ಲ, ಅದಕ್ಕೆ ಇದ್ದ ಹೆಸರು.