ಕಡ್ಡಿ ಜೋಪಾನವಾಗಿದೆ, ಪಟ್ಟಿ ಎಲ್ಲಿ?

ಮಳೆಗಾಲಕ್ಕೆ ಮುಂಚೆ ಕೊಡಗಿನ ಗುಡ್ಡದ ಕಡೆಯ ಊರುಗಳಿಗೆ ಹೋಗಿ, ಮನೆಯವರು ಕಟ್ಟಿಟ್ಟ ತುರ್ತು ಚೀಲ ತೆರೆಸಿ ನೋಡುವುದು ನನ್ನ ಕೆಲಸ. ಟಾರ್ಚ್, ಮಾತ್ರೆ, ದಾಖಲೆಗಳ ಪ್ರತಿ, ಬಿಸ್ಕತ್ತು ಎಲ್ಲ ಸರಿಯಾಗಿರುತ್ತದೆ. ಬೆಂಕಿಕಡ್ಡಿಗಳನ್ನೂ ಖಾಲಿ ಮಾತ್ರೆ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಟೇಪ್ ಸುತ್ತಿರುತ್ತಾರೆ. ಪೊಟ್ಟಣ ಮಾತ್ರ ಇರುವುದಿಲ್ಲ. ‘ಇದನ್ನು ಯಾವುದಕ್ಕೆ ಗೀರುತ್ತೀರಿ?’ ಅಂತ ಕೇಳಿದರೆ, ‘ಕಲ್ಲಿಗೋ ಗೋಡೆಗೋ ಗೀರಿದರಾಯ್ತಲ್ಲ ಅಣ್ಣ’ ಅನ್ನುತ್ತಾರೆ. ಹೋದ ವರ್ಷ ಹೇಳಿದ ಮನೆಯಲ್ಲೇ ಈ ವರ್ಷವೂ ಅದೇ ಡಬ್ಬಿ. ನಿಜ ಹೇಳಬೇಕೆಂದರೆ ಬೇಜಾರಾಗುತ್ತದೆ.

ಕಲ್ಲಿಗೆ ಗೀರಿದರೆ ಹತ್ತುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವುದು ಸೇಫ್ಟಿ ಕಡ್ಡಿ. ಬೆಂಕಿಗೆ ಬೇಕಾದ ಸಾಮಾನನ್ನು ಬೇಕೆಂದೇ ಎರಡು ಕಡೆ ಹಂಚಿ ಮಾಡಿದ್ದು ಅದು. ಕಡ್ಡಿಯ ತುದಿಯ ಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಪೊಟ್ಟಣದ ಪಕ್ಕದ ಕಂದು ಪಟ್ಟಿಯಲ್ಲಿ ಕೆಂಪು ರಂಜಕ (ಫಾಸ್ಫರಸ್) ಮತ್ತು ಗಾಜಿನ ಪುಡಿ ಇರುತ್ತದೆ. ಗೀರಿದಾಗ ಆ ಉಜ್ಜಿನ ಬಿಸಿಗೆ ಪಟ್ಟಿಯ ರಂಜಕ ಒಂದು ಚೂರು ಹೊತ್ತಿಕೊಂಡು ಮದ್ದಿಗೆ ಬೆಂಕಿ ಕೊಡುತ್ತದೆ. ಅಂದರೆ ಮೊದಲ ಕಿಡಿ ಹುಟ್ಟುವುದೇ ಪಟ್ಟಿಯಲ್ಲಿ. ಪಟ್ಟಿ ಇಲ್ಲದ ಕಡ್ಡಿ ಬರೀ ಕಡ್ಡಿ, ಅಷ್ಟೇ. ಸಿನಿಮಾದಲ್ಲಿ ಬೂಟಿಗೆ ಗೀರಿ ಹಚ್ಚುವುದನ್ನು ನೋಡಿದ್ದೀರಲ್ಲ, ಆ ಜಾತಿಯ ಕಡ್ಡಿಯ ತುದಿಯಲ್ಲೇ ರಂಜಕದ ಮದ್ದು ಇರುತ್ತದೆ. ಅದು ಇಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಗಾಜಿನ ಮೇಲೆ ಜೋರಾಗಿ ಉದ್ದಕ್ಕೆ ಎಳೆದರೆ ನಮ್ಮ ಕಡ್ಡಿಯೂ ಒಮ್ಮೊಮ್ಮೆ ಹತ್ತಬಹುದು. ಆದರೆ ನಡುಗುವ ಒದ್ದೆ ಕೈಯಲ್ಲಿ, ಕತ್ತಲಲ್ಲಿ, ಅದನ್ನು ನಂಬಿಕೊಂಡು ಕೂರಬೇಡಿ.

ಹೀಗೆ ಎರಡು ಕಡೆ ಹಂಚುವ ಯೋಚನೆ 1844ರಲ್ಲಿ ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ ಅವರಿಗೆ ಪೇಟೆಂಟ್ ತಂದುಕೊಟ್ಟಿತು. ಆ ಕಾಲದ ಕಡ್ಡಿಗಳಲ್ಲಿ ಬಿಳಿ ರಂಜಕ ಇರುತ್ತಿತ್ತು. ಅದನ್ನು ತಯಾರಿಸುವ ಕೆಲಸಗಾರರ ದವಡೆ ಮೂಳೆಯೇ ಕೊಳೆಯುತ್ತಿತ್ತು. ಆ ಸಂಕಟ ತಪ್ಪಲಿ ಅಂತಲೇ ಕೆಂಪು ರಂಜಕ ಪಟ್ಟಿಗೆ ಬಂತು. ಈಗ ನಾವು ಆ ಪಟ್ಟಿಯನ್ನೇ ಕಸದ ಬುಟ್ಟಿಗೆ ಹಾಕುತ್ತಿದ್ದೇವೆ.

ಇನ್ನೂ ಒಂದು ವಿಷಯ. ಕಡ್ಡಿಗಿಂತ ಮೊದಲು ಹಾಳಾಗುವುದು ಪಟ್ಟಿ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಭಾಗಮಂಡಲದ ಕಡೆ ಅಡುಗೆಮನೆಯ ಉಪ್ಪು ಕೂಡ ನೀರಾಗುತ್ತದೆ. ಆ ತೇವಕ್ಕೆ ಪಟ್ಟಿ ಮೆತ್ತಗಾಗುತ್ತದೆ, ಗೀರಿದರೆ ಪೇಸ್ಟಿನ ಹಾಗೆ ಕಿತ್ತು ಬರುತ್ತದೆ. ಆಮೇಲೆ ಒಣಗಿಸಿದರೂ ಅದನ್ನು ನಂಬುವಂತಿಲ್ಲ. ಕಡ್ಡಿಗೆ ಮೇಣ ಹಚ್ಚಿದ್ದೇವಲ್ಲ ಅನ್ನುತ್ತಾರೆ ಕೆಲವರು. ಒಳ್ಳೆಯದೇ, ಆದರೆ ಆ ಮೇಣ ಕಾಯುವುದು ಕಡ್ಡಿಯನ್ನು ಮಾತ್ರ. ಗೀರುವ ಮುಂಚೆ ತುದಿಯ ಮೇಣವನ್ನು ಉಗುರಿನಲ್ಲಿ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಅದು ಪಟ್ಟಿಗೆ ಮೆತ್ತಿಕೊಂಡು, ಇದ್ದ ಪಟ್ಟಿಯೂ ಜಾರುತ್ತದೆ.

ನಾನು ಹೇಳುವುದು ತುಂಬಾ ಸುಲಭದ ದಾರಿ. ಹೊಸ ಪೊಟ್ಟಣವನ್ನು ಇಡಿಯಾಗಿ ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ, ಬಿಗಿ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿಯಲ್ಲಿಡಿ. ಬೇಸಿಗೆಯಲ್ಲೇ ಇದನ್ನು ಮಾಡಿ. ಜುಲೈನಲ್ಲಿ ಅಂಗಡಿ ಬಾಗಿಲಲ್ಲಿ ಇಟ್ಟಿದ್ದ ಪೊಟ್ಟಣ ತಂದು ಡಬ್ಬಿಗೆ ಹಾಕಿದರೆ ತೇವವನ್ನೇ ಕೂಡಿಟ್ಟ ಹಾಗೆ. ಶಿವಕಾಶಿ, ಸಾತ್ತೂರು, ಕೋವಿಲ್‌ಪಟ್ಟಿ ಕಡೆಯಿಂದ ಬರುವ ಪೊಟ್ಟಣ 2021ರ ಡಿಸೆಂಬರಿನಲ್ಲಿ ಒಂದು ರೂಪಾಯಿಯಿಂದ ಎರಡಕ್ಕೆ ಏರಿತು ನಿಜ, ಆದರೂ ಮನೆಯಲ್ಲಿ ಇದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ. ಜಾಗ ಸಾಲದೆ ಕಡ್ಡಿಯನ್ನೇ ಬಿಡಿಯಾಗಿ ಇಡಬೇಕಾದರೆ, ಹೊಸ ಪೊಟ್ಟಣದ ಎರಡೂ ಪಟ್ಟಿ ಕತ್ತರಿಸಿ, ಕಾಗದ ಸುತ್ತಿ, ಬೇರೆ ಪುಟ್ಟ ಕವರಿನಲ್ಲಿ ಹಾಕಿ. ಕಡ್ಡಿಗಳ ಜೊತೆ ಹಾಗೇ ಬಿಡಬೇಡಿ, ಚೀಲ ಕುಲುಕುವಾಗ ಮದ್ದು ಪಟ್ಟಿಗೆ ಉಜ್ಜಿದರೆ ಡಬ್ಬಿಯೊಳಗೇ ಹೊತ್ತಿಕೊಳ್ಳಬಹುದು.

‘ಲೈಟರ್ ಇದೆಯಲ್ಲ’ ಅನ್ನುವವರಿಗೆ ಒಂದು ಮಾತು. ಅಡುಗೆಮನೆಯ ಗ್ಯಾಸ್ ಲೈಟರ್ ಕಿಡಿ ಮಾತ್ರ ಕೊಡುತ್ತದೆ. ಸಿಲಿಂಡರ್ ಖಾಲಿಯಾದ ದಿನ ಆ ಕಿಡಿಯಿಂದ ಸೌದೆ ಹತ್ತುವುದಿಲ್ಲ. ಸಿಗರೇಟ್ ಲೈಟರ್ ಆದರೆ ಸರಿ, ಎರಡನೇ ಸಾಧನವಾಗಿ ಇರಲಿ. ಅದರ ಚಕ್ರ ಒದ್ದೆಯಾದರೆ ಒಣಗುವ ತನಕ ಕಿಡಿ ಬರುವುದಿಲ್ಲ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡುವುದೂ ಬೇಡ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು ಕಡೆ ಗುಡ್ಡ ಕುಸಿದು ರಸ್ತೆಯೇ ಇಲ್ಲವಾಯಿತು. ಅಂಥ ದಿನಗಳಲ್ಲಿ ಸಿಲಿಂಡರ್ ಬರುವುದಿಲ್ಲ, ಕರೆಂಟ್ ಇರುವುದಿಲ್ಲ, ಆದರೆ ನಮ್ಮ ಎಷ್ಟೋ ಮನೆಗಳ ಹಿಂದೆ ಒಣ ಕಾಫಿ ಸೌದೆಯ ರಾಶಿ ಇರುತ್ತದೆ, ಹಳೆಯ ಒಲೆಯೂ ಇರುತ್ತದೆ. ಹಚ್ಚುವುದಕ್ಕೆ ಏನೂ ಇಲ್ಲದೆ ಸೌದೆ ಮುಂದೆ ಕೂರುವುದು ನೋಡಲಾಗದ ಕಷ್ಟ. ನನಗೆ ಗೊತ್ತಿರುವ ಒಬ್ಬರು ಅಜ್ಜಿ ಮಳೆ ಹಿಡಿದ ಮೇಲೆ ಒಲೆ ಆರಲು ಬಿಡುವುದೇ ಇಲ್ಲ. ರಾತ್ರಿ ದಪ್ಪ ಕೊಳ್ಳಿಯ ಕೆಂಡಕ್ಕೆ ಬೂದಿ ಮುಚ್ಚುತ್ತಾರೆ, ಬೆಳಿಗ್ಗೆ ಕೆದಕಿ, ತೆಂಗಿನ ನಾರು ಇಟ್ಟು ಊದುತ್ತಾರೆ. ಅಕ್ಕಪಕ್ಕದವರು ಚಿಪ್ಪಿನಲ್ಲಿ ಕೆಂಡ ಕೇಳಿಕೊಂಡು ಹೋಗುತ್ತಾರೆ. ‘ಕಡ್ಡಿ ನಂಬಿದರೆ ಕಾಫಿ ಇಲ್ಲ ಮಗಾ’ ಅಂತ ನನಗೇ ಪಾಠ ಹೇಳಿದರು. ಅವರ ಮನೆಗೆ ನಾನು ಕಲಿಸುವುದಕ್ಕಿಂತ ಕಲಿಯುವುದಕ್ಕೇ ಹೋಗುತ್ತೇನೆ. ಕೆಂಡದ ವಿಷಯದಲ್ಲಿ ಒಂದು ಎಚ್ಚರ: ಚಳಿ ಅಂತ ಕೆಂಡದ ಬಾಣಲೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಕಡ್ಡಿಯ ಡಬ್ಬಿ ಪಕ್ಕದಲ್ಲಿ ಬೇರೆ ಡಬ್ಬಿಯಲ್ಲಿ ಕರ್ಪೂರ ಇರಲಿ. ಒದ್ದೆ ಪುಳ್ಳೆಯ ಕೆಳಗೂ ಅದು ಸ್ವಲ್ಪ ಹೊತ್ತು ಉರಿಯುತ್ತದೆ. ಗಾಳಿಯಾಡಿದರೆ ಆವಿಯಾಗಿ ಹೋಗುತ್ತದೆ, ಹಾಗಾಗಿ ಮುಚ್ಚಳ ಬಿಗಿಯಾಗಿರಬೇಕು. ಮಕ್ಕಳ ಕೈಗೆ ಖಂಡಿತ ಸಿಗಬಾರದು, ಚಿಕ್ಕ ಮಗು ಸ್ವಲ್ಪ ನುಂಗಿದರೂ ಅಪಾಯ.

ತಡಿಯಂಡಮೋಳ್, ಬ್ರಹ್ಮಗಿರಿ ಹತ್ತಲು ಬರುವವರೂ ಇದೇ ಡಬ್ಬಿ ಒಯ್ಯಬಹುದು. ಆದರೆ ಅದು ಜೀವ ಉಳಿಸಿಕೊಳ್ಳುವ ಸಂದರ್ಭಕ್ಕೆ, ಸುಮ್ನೆ ಕ್ಯಾಂಪ್‌ಫೈರ್ ಹಾಕುವುದಕ್ಕಲ್ಲ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧ. ಫೆಬ್ರವರಿಯಿಂದ ಏಪ್ರಿಲ್ ತನಕ ಇಲ್ಲಿನ ಒಣ ಹುಲ್ಲಿಗೆ ಒಂದೇ ಕಡ್ಡಿ ಸಾಕು.

ಈ ವಾರವೇ ನಿಮ್ಮ ಡಬ್ಬಿ ತೆರೆಯಿರಿ. ಅದರಲ್ಲಿರುವ ಪಟ್ಟಿಗೇ ಒಂದು ಕಡ್ಡಿ ಗೀರಿ, ಅಡುಗೆಮನೆಯಲ್ಲಿರುವ ಪೊಟ್ಟಣಕ್ಕಲ್ಲ. ಹತ್ತದಿದ್ದರೆ ಪೊಟ್ಟಣ ಬದಲಿಸಿ, ಕಕ್ಕಡ ಶುರುವಾಗುವಾಗ ಇನ್ನೊಮ್ಮೆ ಗೀರಿ ನೋಡಿ.